ಎಚ್‌ಐವಿ ಮತ್ತು ಮಿದುಳಿನ ಹಾನಿ: ಎನ್‌ಎಫ್‌ಎಲ್ ರಕ್ತಪರೀಕ್ಷೆಯ ಒಂದು ವಿಮರ್ಶೆ

ಮಿದುಳಿಗೆ ಆಗುವ ಹಾನಿಯನ್ನು ರಕ್ತದಲ್ಲಿ ಅಳೆಯುವ ಪರೀಕ್ಷೆಗಳ ಪೈಕಿ ಈಗ ಹೆಚ್ಚು ಚರ್ಚೆಯಲ್ಲಿರುವುದು ನ್ಯೂರೋಫಿಲಮೆಂಟ್ ಲೈಟ್ ಚೈನ್ ಎಂಬ ಪ್ರೋಟೀನಿನದು. ವರದಿಗಳಲ್ಲಿ ಅದು ಎನ್‌ಎಫ್‌ಎಲ್ ಎಂಬ ಚುಟುಕು ಹೆಸರಿನಿಂದ ಕಾಣಿಸಿಕೊಳ್ಳುತ್ತದೆ. ಮೊದಲು ಸಂಶೋಧನಾಲಯಗಳಲ್ಲಷ್ಟೇ ನಡೆಯುತ್ತಿದ್ದ ಈ ಪರೀಕ್ಷೆ ಕೆಲವು ವರ್ಷಗಳಿಂದ ವಾಣಿಜ್ಯ ಪ್ರಯೋಗಾಲಯಗಳ ಸೇವಾಪಟ್ಟಿಯನ್ನೂ ಸೇರಿದೆ. ಹಲವು ನರರೋಗಗಳಲ್ಲಿ ಇದನ್ನು ಮಾಡಿಸುತ್ತಾರಾದರೂ ಈ ವಿಮರ್ಶೆ ಒಂದೇ ಪ್ರಶ್ನೆಯನ್ನು ಹಿಡಿದು ಹೊರಟಿದೆ: ಎಚ್‌ಐವಿ ಇರುವ ವ್ಯಕ್ತಿಯೊಬ್ಬರು ತಮ್ಮ ಮಿದುಳಿಗೆ ಹಾನಿಯಾಗುತ್ತಿದೆಯೇ ಎಂದು ತಿಳಿಯಲು ಈ ಪರೀಕ್ಷೆಗೆ ಹಣ ಕೊಡಬಹುದೇ? ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಒಬ್ಬರೇ ವ್ಯಕ್ತಿಯ ರಕ್ತವನ್ನು ಕಾಲಕಾಲಕ್ಕೆ ಅಳೆದು, ಏರಿಳಿತವನ್ನು ಗಮನಿಸುವುದಕ್ಕೆ ಇದರಷ್ಟು ಒಳ್ಳೆಯ ರಕ್ತಸೂಚಕ ಸದ್ಯಕ್ಕೆ ಮತ್ತೊಂದಿಲ್ಲ. ಆದರೆ ಒಮ್ಮೆ ಮಾತ್ರ ಮಾಡಿಸಿ, ಬಂದ ಅಂಕಿಯಿಂದ ಮಿದುಳಿನ ಯೋಗಕ್ಷೇಮವನ್ನು ನಿರ್ಧರಿಸಲು ಹೊರಟವರಿಗೆ ಇದು ಉತ್ತರಕ್ಕಿಂತ ಗೊಂದಲವನ್ನೇ ಹೆಚ್ಚು ಕೊಡುತ್ತದೆ.

ಪರೀಕ್ಷೆ ಅಳೆಯುವುದೇನು ಎಂಬುದು ಸ್ಪಷ್ಟವಾದರೆ ಅದರ ಮಿತಿಗಳೂ ಅರ್ಧ ಸ್ಪಷ್ಟವಾಗುತ್ತವೆ. ನರಕೋಶದಿಂದ ಹೊರಟು ಸಂಕೇತಗಳನ್ನು ದೂರಕ್ಕೆ ಒಯ್ಯುವ ಉದ್ದನೆಯ ಎಳೆಗೆ ಆಕ್ಸಾನ್ ಎನ್ನುತ್ತಾರೆ. ಆ ಎಳೆಯ ಒಳಗಟ್ಟಿನ ಒಂದು ಭಾಗವೇ ಎನ್‌ಎಫ್‌ಎಲ್. ಆಕ್ಸಾನ್ ಹಾನಿಗೊಂಡಾಗ ಈ ಪ್ರೋಟೀನು ಮೊದಲು ಮಿದುಳು ಮತ್ತು ಬೆನ್ನುಹುರಿಯನ್ನು ಸುತ್ತುವರಿದ ದ್ರವಕ್ಕೆ, ಅಲ್ಲಿಂದ ಅತ್ಯಲ್ಪ ಪ್ರಮಾಣದಲ್ಲಿ ರಕ್ತಕ್ಕೆ ಸೇರುತ್ತದೆ. ಎಚ್‌ಐವಿ ಸೋಂಕು ತಗುಲಿದ ಕೆಲವೇ ದಿನಗಳಲ್ಲಿ ಮಿದುಳನ್ನು ಹೊಕ್ಕುತ್ತದೆಯಾದರೂ ನರಕೋಶಗಳಿಗೆ ನೇರವಾಗಿ ಸೋಂಕು ತಗುಲಿಸುವುದಿಲ್ಲ. ಅದು ನೆಲೆಯೂರುವುದು ಮ್ಯಾಕ್ರೋಫೇಜ್ ಮತ್ತು ಮೈಕ್ರೋಗ್ಲಿಯಾ ಎಂಬ ರಕ್ಷಣಾ ಕೋಶಗಳಲ್ಲಿ. ಆ ಕೋಶಗಳು ಕೆರಳಿ ಸುರಿಸುವ ಉರಿಯೂತದ ರಾಸಾಯನಿಕಗಳೂ, ಜಿಪಿ120 ಮತ್ತು ಟ್ಯಾಟ್‌ನಂಥ ವೈರಾಣುವಿನ ಪ್ರೋಟೀನುಗಳೂ ಅಕ್ಕಪಕ್ಕದ ನರಕೋಶಗಳನ್ನು ಘಾಸಿಗೊಳಿಸುತ್ತವೆ. ಎನ್‌ಎಫ್‌ಎಲ್ ಈ ಸರಪಳಿಯ ಕೊನೆಯ ಕೊಂಡಿಯನ್ನು ಮಾತ್ರ ಅಳೆಯುತ್ತದೆ. ವೈರಾಣು ಎಷ್ಟಿದೆ, ಉರಿಯೂತ ಎಷ್ಟಿದೆ ಎಂಬುದನ್ನು ಅದು ಹೇಳುವುದಿಲ್ಲ. ಇತ್ತೀಚಿನ ವಾರಗಳಲ್ಲಿ ಎಳೆಗಳು ಎಷ್ಟು ಒಡೆದಿವೆ ಎಂಬುದನ್ನಷ್ಟೇ ಹೇಳುತ್ತದೆ.

ಬೆನ್ನುಹುರಿ ದ್ರವದಲ್ಲಿ ಎನ್‌ಎಫ್‌ಎಲ್ ಅಳೆಯುವ ಪದ್ಧತಿ ಹಳೆಯದೇ. ಎಚ್‌ಐವಿಯ ವಿಷಯದಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನ ತಂಡ ಈ ದಿಸೆಯಲ್ಲಿ ದೀರ್ಘಕಾಲದಿಂದ ದುಡಿದಿದೆ. ತೊಡಕಿದ್ದುದು ಮಾದರಿ ಸಂಗ್ರಹದಲ್ಲಿ: ಸೊಂಟದ ಬಳಿ ಸೂಜಿ ಚುಚ್ಚಿ ದ್ರವ ತೆಗೆಸಿಕೊಳ್ಳಲು ಜನ ಹಿಂಜರಿಯುತ್ತಾರೆ, ಆ ಬಳಿಕ ಕೆಲವರಿಗೆ ದಿನಗಟ್ಟಲೆ ತಲೆನೋವು ಕಾಡುತ್ತದೆ, ಮತ್ತೆ ಮತ್ತೆ ಮಾಡುವುದಂತೂ ಕಷ್ಟ. ರಕ್ತದಲ್ಲಿ ಈ ಪ್ರೋಟೀನಿನ ಪ್ರಮಾಣ ದ್ರವದಲ್ಲಿರುವುದಕ್ಕಿಂತ ಹತ್ತಾರು ಪಟ್ಟು ಕಡಿಮೆ ಇರುವುದರಿಂದ ಪ್ರತಿಕಾಯಗಳ ನೆರವಿನಿಂದ ಪ್ರೋಟೀನು ಅಳೆಯುವ ಸಾಂಪ್ರದಾಯಿಕ ಎಲೈಸಾ ವಿಧಾನಕ್ಕೆ ಅದು ನಿಲುಕುತ್ತಿರಲಿಲ್ಲ. ದಾರಿ ತೆರೆದದ್ದು 2010ರಲ್ಲಿ ಪ್ರಕಟವಾದ ಸಿಮೋವಾ ಎಂಬ ತಂತ್ರ. ಪ್ರತಿಕಾಯ ಲೇಪಿಸಿದ ಅತಿಸೂಕ್ಷ್ಮ ಮಣಿಗಳನ್ನು ಒಂದೊಂದಾಗಿ ಫೆಮ್ಟೋಲೀಟರ್ ಗಾತ್ರದ ಗುಳಿಗಳಲ್ಲಿ ಕೂರಿಸಿ, ಎಷ್ಟು ಗುಳಿಗಳು ಬೆಳಗುತ್ತವೆ ಎಂದು ಎಣಿಸುವುದರಿಂದ ಬಿಡಿಬಿಡಿ ಅಣುಗಳನ್ನೇ ಲೆಕ್ಕ ಹಿಡಿಯಬಹುದು. 2016ರಲ್ಲಿ ಪ್ರಕಟವಾದ ಹೋಲಿಕೆಯೊಂದರ ಪ್ರಕಾರ ಎನ್‌ಎಫ್‌ಎಲ್ ಅಳೆಯುವಲ್ಲಿ ಈ ವಿಧಾನ ಎಲೈಸಾಕ್ಕಿಂತ 126 ಪಟ್ಟು ಹೆಚ್ಚು ಸೂಕ್ಷ್ಮ. ಅದೇ ವರ್ಷ ಗೋಥೆನ್‌ಬರ್ಗ್ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ತಂಡಗಳು ಎಚ್‌ಐವಿ ಇರುವವರಲ್ಲಿ ದ್ರವದ ಮತ್ತು ಪ್ಲಾಸ್ಮಾದ (ಕಣಗಳನ್ನು ಬೇರ್ಪಡಿಸಿದ ರಕ್ತದ್ರವದ) ಎನ್‌ಎಫ್‌ಎಲ್ ಮಟ್ಟಗಳನ್ನು ಹೋಲಿಸಿ, ಎರಡರ ನಡುವಿನ ಸಹಸಂಬಂಧ 0.89 (ಪೂರ್ಣ ಹೊಂದಾಣಿಕೆಯಿದ್ದರೆ 1) ಎಂದು ತೋರಿಸಿದವು. ಜೀವಶಾಸ್ತ್ರದ ಅಳತೆಗಳಲ್ಲಿ ಇಷ್ಟು ನಿಕಟವಾದ ಹೊಂದಾಣಿಕೆ ಅಪರೂಪ. ಸೂಜಿಯನ್ನು ಬೆನ್ನಿನ ಬದಲು ತೋಳಿಗೆ ಚುಚ್ಚಿದರೂ ಹೆಚ್ಚುಕಡಿಮೆ ಅದೇ ಮಾಹಿತಿ ಸಿಗುತ್ತದೆ ಎಂಬುದೇ ಈ ಪರೀಕ್ಷೆಯ ನಿಜವಾದ ಬಂಡವಾಳ.

ಇನ್ನು ಗುಣದ ವಿಷಯ. ಚಿಕಿತ್ಸೆಯಿಲ್ಲದೆ ಎಚ್‌ಐವಿ ಸಂಬಂಧಿತ ಬುದ್ಧಿಮಾಂದ್ಯಕ್ಕೆ (ಡಿಮೆನ್ಷಿಯಾಕ್ಕೆ) ಜಾರಿದವರಲ್ಲಿ ಎನ್‌ಎಫ್‌ಎಲ್ ಮಟ್ಟ ಅತ್ಯಂತ ಎತ್ತರದಲ್ಲಿರುತ್ತದೆ. ಅಲ್ಲಿ ವಾದಕ್ಕೆ ಅವಕಾಶವೇ ಇಲ್ಲ. ಆದರೆ ಅಂಥವರಿಗೆ ಹಾನಿಯಾಗಿದೆ ಎಂದು ಹೇಳಲು ರಕ್ತಪರೀಕ್ಷೆಯೇ ಬೇಕೆಂದಿಲ್ಲ, ಎದುರಿಗೆ ಕೂತು ಮಾತನಾಡಿಸಿದ ವೈದ್ಯರಿಗೆ ಅದು ತಿಳಿದಿರುತ್ತದೆ. ಪರೀಕ್ಷೆಯ ಹೆಚ್ಚುಗಾರಿಕೆ ಕಾಣುವುದು ಮುಂದಿನ ಗುಂಪಿನಲ್ಲಿ: ರೋಗನಿರೋಧಕ ಶಕ್ತಿಯನ್ನು ತೋರಿಸುವ ಸಿಡಿ4 ಕೋಶಗಳ ಎಣಿಕೆ 200ಕ್ಕಿಂತ ಕೆಳಗಿಳಿದಿದೆ, ಚಿಕಿತ್ಸೆ ಆರಂಭವಾಗಿಲ್ಲ, ಆದರೂ ನೆನಪು, ನಡಿಗೆ, ಮಾತು ಯಾವುದರಲ್ಲೂ ದೋಷವಿಲ್ಲ. ಇಂಥವರಲ್ಲಿಯೂ ಎನ್‌ಎಫ್‌ಎಲ್ ಏರಿರುವುದನ್ನು ಅಧ್ಯಯನಗಳು ಮತ್ತೆ ಮತ್ತೆ ಕಂಡಿವೆ. ಲಕ್ಷಣ ತೋರುವ ಮೊದಲೇ ಎಳೆಗಳು ಒಡೆಯುತ್ತಿವೆ ಎಂದು ಇದರ ಅರ್ಥ. ಎಚ್‌ಐವಿಯನ್ನು ಹತ್ತಿಕ್ಕುವ ಔಷಧಗಳ ಚಿಕಿತ್ಸೆಯಾದ ಎಆರ್‌ಟಿ ಆರಂಭಿಸಿದ ಮೇಲೆ ಮಟ್ಟ ತಿಂಗಳುಗಳ ಅವಧಿಯಲ್ಲಿ ಇಳಿದು, ಬಹುಪಾಲು ಜನರಲ್ಲಿ ವಯಸ್ಸಿಗೆ ತಕ್ಕ ಮಿತಿಯ ಆಸುಪಾಸಿಗೆ ಬರುತ್ತದೆ. ಔಷಧ ನಿಲ್ಲಿಸಿದವರಲ್ಲಿ ಮತ್ತೆ ಏರಿದ್ದನ್ನು 2005ರಷ್ಟು ಹಿಂದೆಯೇ ಬೆನ್ನುಹುರಿ ದ್ರವದಲ್ಲಿ ಗಮನಿಸಲಾಗಿತ್ತು. ಚಿಕಿತ್ಸೆಗೆ ಹೀಗೆ ಸ್ಪಂದಿಸುವ ಗುಣವೇ ಒಂದು ಸೂಚಕವನ್ನು ನಂಬಿಕೆಗೆ ಅರ್ಹವಾಗಿಸುತ್ತದೆ. ಬೇರೆ ರೋಗಗಳಲ್ಲಿಯೂ ಇದಕ್ಕೆ ಆ ಗೌರವ ದೊರಕಿದೆ. ಸ್ನಾಯುಗಳನ್ನು ನಡೆಸುವ ನರಕೋಶಗಳು ಸಾಯುವ ಎಎಲ್‌ಎಸ್ ಕಾಯಿಲೆಯ ಒಂದು ಆನುವಂಶಿಕ ಬಗೆಗೆ ಬಳಸುವ ಟೋಫರ್ಸನ್ ಎಂಬ ಔಷಧಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2023ರ ಏಪ್ರಿಲ್‌ನಲ್ಲಿ ತ್ವರಿತ ಅನುಮೋದನೆ ಕೊಟ್ಟದ್ದು ಪ್ಲಾಸ್ಮಾದ ಎನ್‌ಎಫ್‌ಎಲ್ ಇಳಿದದ್ದನ್ನು ಆಧರಿಸಿಯೇ.

ದೋಷಗಳಿಗೆ ಬರುವುದಾದರೆ, ನನ್ನ ದೊಡ್ಡ ತಕರಾರು ಪರೀಕ್ಷೆಯ ಬಗ್ಗೆ ಅಲ್ಲ, ವರದಿಯ ಬಗ್ಗೆ. ಫಲಿತಾಂಶ ಬರುವುದು ಪ್ರತಿ ಮಿಲಿಲೀಟರಿಗೆ ಇಷ್ಟು ಪಿಕೊಗ್ರಾಂ ಎಂದು. ಒಂದು ಪಿಕೊಗ್ರಾಂ ಎಂದರೆ ಗ್ರಾಮಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಈ ಅಂಕಿಯ ಪಕ್ಕದಲ್ಲಿ ಎಲ್ಲ ವಯಸ್ಸಿನವರಿಗೂ ಒಂದೇ 'ಸಾಮಾನ್ಯ ಮಿತಿ'ಯನ್ನು ಮುದ್ರಿಸಿ ಕೈತೊಳೆದುಕೊಳ್ಳುವ ವರದಿಯಿಂದ ಪ್ರಯೋಜನವಿಲ್ಲ. ಆರೋಗ್ಯವಂತ ವಯಸ್ಕರಲ್ಲಿ ರಕ್ತದ ಎನ್‌ಎಫ್‌ಎಲ್ ವರ್ಷಕ್ಕೆ ಸರಿಸುಮಾರು ಶೇ 2.2ರಂತೆ ಏರುತ್ತದೆ ಎಂದು 2017ರ ಒಂದು ಅಧ್ಯಯನ ಲೆಕ್ಕ ಹಾಕಿದೆ. ಹಾಗೆ ನೋಡಿದರೆ 30ರ ಹರೆಯದಿಂದ 60ಕ್ಕೆ ಬರುವಷ್ಟರಲ್ಲಿ ಯಾವ ಕಾಯಿಲೆಯೂ ಇಲ್ಲದೆ ಮಟ್ಟ ಬಹುತೇಕ ಇಮ್ಮಡಿಯಾಗುತ್ತದೆ, 60 ದಾಟಿದ ಮೇಲೆ ವ್ಯಕ್ತಿಯಿಂದ ವ್ಯಕ್ತಿಗೆ ಇರುವ ಅಂತರವೂ ಹಿಗ್ಗುತ್ತದೆ. ಯುವಕರೊಬ್ಬರಲ್ಲಿ ಆತಂಕ ಹುಟ್ಟಿಸಬೇಕಾದ ಅಂಕಿ ಹಿರಿಯರಲ್ಲಿ ಸಹಜವಾಗಿರಬಹುದು. ಎಆರ್‌ಟಿಯ ಕೃಪೆಯಿಂದ ಎಚ್‌ಐವಿ ಇರುವವರೂ ಈಗ ವೃದ್ಧಾಪ್ಯ ಕಾಣುತ್ತಿರುವಾಗ ವಯಸ್ಸನ್ನು ಲೆಕ್ಕಿಸದ ಮಿತಿ ಈ ಸಮುದಾಯಕ್ಕೆ ಮಾಡುವ ಅನ್ಯಾಯವೇ ಸರಿ.

ವಯಸ್ಸೊಂದೇ ಅಲ್ಲ. ಮೈತೂಕ ಹೆಚ್ಚಿದ್ದರೆ ರಕ್ತದ ಒಟ್ಟು ಪ್ರಮಾಣವೂ ಹೆಚ್ಚಿರುವುದರಿಂದ ಪ್ರೋಟೀನು ತೆಳುವಾಗಿ ಅಂಕಿ ತಗ್ಗುತ್ತದೆ. ಮೂತ್ರಪಿಂಡ ಸೊರಗಿದ್ದರೆ ಅಂಕಿ ಏರುತ್ತದೆ. ಎರಡನೆಯದನ್ನು ಎಚ್‌ಐವಿಯ ಸಂದರ್ಭದಲ್ಲಿ ಒತ್ತಿ ಹೇಳಬೇಕು. ಬಹಳ ಮಂದಿ ಸೇವಿಸುವ ಟೆನೋಫೊವಿರ್ ಡೈಸೋಪ್ರಾಕ್ಸಿಲ್ ಫ್ಯೂಮರೇಟ್ ಮೂತ್ರಪಿಂಡದ ಮೇಲೆ ಪರಿಣಾಮ ಬೀರಬಲ್ಲ ಔಷಧ. ಅದರಿಂದ ಟೆನೋಫೊವಿರ್ ಅಲಾಫೆನಮೈಡ್‌ಗೆ ಬದಲಾಯಿಸಿದವರಲ್ಲಿ ಪ್ಲಾಸ್ಮಾದ ಎನ್‌ಎಫ್‌ಎಲ್ ಸ್ವಲ್ಪ ಇಳಿಯಿತು ಎಂದು 2019ರಲ್ಲಿ ಸ್ವೀಡನ್ನಿನಿಂದ ವರದಿಯಾಗಿದೆ. ಇದನ್ನು ಓದಿ 'ಹೊಸ ಔಷಧದಿಂದ ಮಿದುಳಿಗೆ ಒಳಿತಾಯಿತು' ಎಂದು ಹಿಗ್ಗುವುದು ಸುಲಭ; ಆದರೆ ಮೂತ್ರಪಿಂಡದ ಮೇಲಿನ ಹೊರೆ ಬದಲಾದುದರಿಂದಲೂ ಅಂಥ ಸಣ್ಣ ಇಳಿತ ಬರಬಹುದಲ್ಲವೇ ಎಂಬ ಸಂದೇಹವನ್ನು ಬದಿಗೆ ಸರಿಸುವಂತಿಲ್ಲ. ಆದ್ದರಿಂದ ಮೂತ್ರಪಿಂಡದ ಕೆಲಸವನ್ನು ತೋರಿಸುವ ಕ್ರಿಯಾಟಿನೈನ್ ಮತ್ತು ಮೈತೂಕದ ವಿವರವಿಲ್ಲದ ಎನ್‌ಎಫ್‌ಎಲ್ ವರದಿಯನ್ನು ಅಪೂರ್ಣವೆಂದೇ ನಾನು ಪರಿಗಣಿಸುತ್ತೇನೆ. ಪರಿಹಾರ ಇಲ್ಲದಿಲ್ಲ: 2022ರಲ್ಲಿ 5,000ಕ್ಕೂ ಹೆಚ್ಚು ಆರೋಗ್ಯವಂತರ ಮಾದರಿಗಳಿಂದ ವಯಸ್ಸು ಮತ್ತು ಮೈತೂಕಕ್ಕೆ ಹೊಂದಿಸಿದ ಮಾನದಂಡ ಸಿದ್ಧವಾಗಿದೆ. ಮಲ್ಟಿಪಲ್ ಸ್ಕ್ಲಿರೋಸಿಸ್ ಎಂಬ ನರರೋಗಕ್ಕಾಗಿ ರೂಪಿಸಿದ ಅದರ ವಿಧಾನವನ್ನು ಅನುಸರಿಸಿ, ಬರಿಯ ಅಂಕಿಯ ಜೊತೆಗೆ 'ಇದೇ ವಯಸ್ಸಿನ ನೂರು ಜನರಲ್ಲಿ ನಿಮ್ಮ ಸ್ಥಾನ ಇದು' ಎಂದು ತಿಳಿಸುವ ವರದಿಗೆ ಹಣ ಕೊಡಬಹುದು.

ಎರಡನೆಯ ದೋಷ ಪರೀಕ್ಷೆಯ ಹುಟ್ಟಿನಲ್ಲೇ ಇದೆ. ಅಂಗಳದಲ್ಲಿ ಒಡೆದ ಹೆಂಚಿನ ಚೂರುಗಳು ಬಿದ್ದಿದ್ದರೆ ಮಾಡಿಗೆ ಪೆಟ್ಟಾಗಿದೆ ಎಂದು ಗೊತ್ತಾಗುತ್ತದೆ, ಕೊಂಬೆ ಬಿತ್ತೋ ಕೋತಿ ಹಾರಿತೋ ಚೂರಿನಿಂದ ತಿಳಿಯದು. ಎನ್‌ಎಫ್‌ಎಲ್ ಕೂಡ ಹಾಗೆಯೇ. ಪಾರ್ಶ್ವವಾಯು, ತಲೆಪೆಟ್ಟು, ಟಾಕ್ಸೋಪ್ಲಾಸ್ಮಾ ಸೋಂಕು, ಕ್ರಿಪ್ಟೋಕಾಕಸ್ ಮೆನಿಂಜೈಟಿಸ್, ಜೆಸಿ ವೈರಾಣುವಿನಿಂದ ಬರುವ ಪಿಎಂಎಲ್ ಎಂಬ ಮಿದುಳಿನ ಕಾಯಿಲೆ, ಎಲ್ಲವೂ ಅದನ್ನು ಏರಿಸುತ್ತವೆ. ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ಇವಾವುವೂ ದೂರದ ಮಾತಲ್ಲ. ಅದಕ್ಕಿಂತ ಹೆಚ್ಚಾಗಿ ಗಮನಿಸಬೇಕಾದದ್ದು ಕೈಕಾಲುಗಳ ನರಗಳು. ಮಿದುಳಿನ ಹೊರಗಿನ ನರಗಳಲ್ಲೂ ಇದೇ ಪ್ರೋಟೀನು ಇದೆ. ಪಾದಗಳಲ್ಲಿ ಉರಿ, ಜೋಮು ತರುವ ನರರೋಗ ಎಚ್‌ಐವಿ ಇರುವವರಲ್ಲಿ ಸಾಮಾನ್ಯ. ಹಿಂದಿನ ವರ್ಷಗಳಲ್ಲಿ ಸ್ಟಾವುಡಿನ್, ಡಿಡಾನೋಸಿನ್ ಎಂಬ ಹಳೆಯ ಎಚ್‌ಐವಿ ಔಷಧಗಳನ್ನು ಸೇವಿಸಿದ್ದವರಲ್ಲಿ ಅದು ಇನ್ನೂ ಹೆಚ್ಚು. ಬೆನ್ನುಹುರಿ ದ್ರವದ ಪರೀಕ್ಷೆಯಲ್ಲಿ ಈ ಗೊಂದಲ ಕಡಿಮೆ, ರಕ್ತದಲ್ಲಿ ಜಾಸ್ತಿ. ಅನುಕೂಲಕ್ಕಾಗಿ ತೋಳಿನಿಂದ ರಕ್ತ ತೆಗೆದದ್ದಕ್ಕೆ ತೆರುವ ಬೆಲೆ ಇದು. ಆದ್ದರಿಂದ ಪಾದದ ಸ್ಪರ್ಶಜ್ಞಾನವನ್ನು ಪರೀಕ್ಷಿಸದೆ, ಏರಿದ ಎನ್‌ಎಫ್‌ಎಲ್ ಅನ್ನು ಮಿದುಳಿನ ಲೆಕ್ಕಕ್ಕೆ ಬರೆಯಬಾರದು.

ಪರೀಕ್ಷೆ ಮಾಡಿಸಲು ಬಯಸುವವರಲ್ಲಿ ಅನೇಕರು ವೈರಲ್ ಲೋಡ್ (ರಕ್ತದಲ್ಲಿರುವ ವೈರಾಣುವಿನ ಪ್ರಮಾಣ) ಪತ್ತೆಯಾಗದ ಮಟ್ಟಕ್ಕೆ ಇಳಿದಿದ್ದರೂ ಮರೆವು, ಏಕಾಗ್ರತೆಯ ಕೊರತೆ, ಯೋಚನೆಯ ನಿಧಾನಗತಿಯಿಂದ ಕಂಗೆಟ್ಟವರು. ಅವರಿಗೆ ಈ ಪರೀಕ್ಷೆ ಏನು ಕೊಡುತ್ತದೆ ಎಂಬುದು ಅತಿ ಮುಖ್ಯವಾದ ಪ್ರಶ್ನೆ, ಮತ್ತು ಉತ್ತರ ನೇರವಾಗಿಲ್ಲ. 2007ರ ಫ್ರಸ್ಕಾಟಿ ಮಾನದಂಡಗಳು ಬುದ್ಧಿಶಕ್ತಿಯ ಪರೀಕ್ಷೆಯಲ್ಲಿ ಪಡೆದ ಅಂಕಗಳನ್ನೇ ಮುಖ್ಯವಾಗಿಟ್ಟುಕೊಂಡು ತೊಂದರೆಯನ್ನು ಮೂರು ದರ್ಜೆಗಳಲ್ಲಿ ವಿಂಗಡಿಸಿದವು. ಅವುಗಳನ್ನು ಅನ್ವಯಿಸಿ 2010ರಲ್ಲಿ ಪ್ರಕಟವಾದ ಅಮೆರಿಕದ ಚಾರ್ಟರ್ ಅಧ್ಯಯನ, ತಾನು ಪರೀಕ್ಷಿಸಿದ 1,555 ಜನರ ಪೈಕಿ ಶೇ 52ರಷ್ಟು ಮಂದಿಯಲ್ಲಿ ಕೊರತೆ ಕಂಡಿತು. ಆದರೆ ಬುದ್ಧಿಮಾಂದ್ಯದ ಪ್ರಮಾಣ ಕೇವಲ ಶೇ 2 ಎಂದು ಅಂದಾಜಿಸಿತು, ಅತಿ ದೊಡ್ಡ ಪಾಲು ಲಕ್ಷಣಗಳೇ ಇಲ್ಲದವರದು. ವಿದ್ಯಾಭ್ಯಾಸ, ಬಡತನ, ಖಿನ್ನತೆ, ನಿದ್ರೆ ಇವೆಲ್ಲ ಅಂಕವನ್ನು ಇಳಿಸಬಲ್ಲವಾದ್ದರಿಂದ ಕಡಿಮೆ ಅಂಕವನ್ನೇ ಮಿದುಳಿನ ಹಾನಿ ಎಂದು ಕರೆಯುವುದು ತಪ್ಪೆಂದು 2023ರಲ್ಲಿ ಅಂತಾರಾಷ್ಟ್ರೀಯ ತಜ್ಞರ ಗುಂಪೊಂದು ಹೇಳಿತು. ವೈರಾಣು ಈಗಲೂ ನಡೆಸುತ್ತಿರುವ ಸಕ್ರಿಯ ಹಾನಿಯನ್ನೂ, ಚಿಕಿತ್ಸೆಗೆ ಮುಂಚೆ ಆಗಿ ಉಳಿದುಹೋದ ಹಳೆಯ ಹಾನಿಯನ್ನೂ ಬೇರ್ಪಡಿಸಬೇಕೆಂಬುದು ಅದೇ ಗುಂಪಿನ ಸಲಹೆ.

ಎನ್‌ಎಫ್‌ಎಲ್‌ಗೆ ಒಪ್ಪುವ ಕೆಲಸ ಇದೇ ಎಂದು ನನಗೆ ತೋರುತ್ತದೆ. ವರ್ಷಗಳ ಹಿಂದೆ ಮುರಿದ ಎಳೆಗಳು ಇಂದು ರಕ್ತಕ್ಕೆ ಏನನ್ನೂ ಸೋರಿಸುವುದಿಲ್ಲ. ಹಾಗಾಗಿ ಹಳೆಯ ಹಾನಿ ಮಾತ್ರ ಇರುವವರಲ್ಲಿ ಮಟ್ಟ ಸಹಜವಾಗಿರುವುದು ನಿರೀಕ್ಷಿತ. ನಡೆಯುತ್ತಿರುವ ಹಾನಿಯಿದ್ದರೆ ಏರಿರಬೇಕು. ಮರೆವಿನ ದೂರು ಇದ್ದೂ ಎನ್‌ಎಫ್‌ಎಲ್ ವಯಸ್ಸಿಗೆ ತಕ್ಕಂತಿದ್ದರೆ ಸದ್ಯಕ್ಕೆ ಎಳೆಗಳು ದೊಡ್ಡ ಪ್ರಮಾಣದಲ್ಲಿ ಒಡೆಯುತ್ತಿಲ್ಲ ಎಂಬಷ್ಟು ಸಮಾಧಾನ ಪಡೆಯಬಹುದು. 'ನಿಮ್ಮ ದೂರು ಕೇವಲ ಭ್ರಮೆ' ಎಂದು ಯಾರಾದರೂ ಆ ವರದಿಯನ್ನು ತೋರಿಸಿ ಹೇಳಿದರೆ ಅದು ವರದಿಯ ದುರ್ಬಳಕೆ. ಪರೀಕ್ಷೆ ಎಳೆಗಳನ್ನು ಅಳೆಯುತ್ತದೆ, ನೆನಪನ್ನಲ್ಲ. ಖಿನ್ನತೆ, ಔಷಧದ ಅಡ್ಡಪರಿಣಾಮ, ಥೈರಾಯ್ಡ್ ದೋಷಗಳಿಂದ ಬಂದ ಮಂಕು ಇದರ ಕಣ್ಣಿಗೆ ಬೀಳುವುದೇ ಇಲ್ಲ.

ಸ್ಪರ್ಧಿಗಳನ್ನು ನೋಡೋಣ. ಜಿಎಫ್‌ಎಪಿ ಮತ್ತು ಯುಸಿಎಚ್-ಎಲ್1 ಎಂಬ ಎರಡು ಪ್ರೋಟೀನುಗಳನ್ನು ಅಳೆಯುವ ಜೋಡಿ ಪರೀಕ್ಷೆಗೆ ಎಫ್‌ಡಿಎ 2018ರ ಫೆಬ್ರುವರಿಯಲ್ಲಿ ಮಾರಾಟದ ಅನುಮತಿ ನೀಡಿದ್ದು ಪ್ರಚಾರದಲ್ಲಿ 'ಮಿದುಳಿನ ಹಾನಿಯ ರಕ್ತಪರೀಕ್ಷೆ' ಎಂದೇ ಪ್ರಸಿದ್ಧವಾಗಿದೆ. ಆದರೆ ಆ ಅನುಮತಿ ತಲೆಗೆ ಪೆಟ್ಟು ಬಿದ್ದ ವಯಸ್ಕರಿಗೆ ಸಿಟಿ ಸ್ಕ್ಯಾನ್ ಬೇಕೇ ಎಂಬುದನ್ನು 12 ಗಂಟೆಗಳೊಳಗೆ ತೀರ್ಮಾನಿಸಲು ಮಾತ್ರ. ವರ್ಷಗಟ್ಟಲೆ ನಿಧಾನವಾಗಿ ನಡೆಯುವ ಎಚ್‌ಐವಿ ಹಾನಿಗೂ ಅದಕ್ಕೂ ಸಂಬಂಧವಿಲ್ಲ. ಹೆಸರು ಕೇಳಿ ಮೋಸಹೋಗಬಾರದು. ಎಸ್100ಬಿ ಎಂಬ ಇನ್ನೊಂದು ಸೂಚಕ ಪ್ರೋಟೀನು ಕೊಬ್ಬಿನ ಅಂಗಾಂಶದಿಂದಲೂ ಬರುತ್ತದೆ. ಎನ್‌ಎಸ್‌ಇ ಎಂಬ ಸೂಚಕ ಕೆಂಪು ರಕ್ತಕಣಗಳಲ್ಲೂ ಇರುವುದರಿಂದ ಮಾದರಿ ತೆಗೆಯುವಾಗ ಕಣಗಳು ಒಡೆದರೆ ಅಂಕಿಯೇ ಸುಳ್ಳಾಗುತ್ತದೆ. ನಿಯೋಪ್ಟೆರಿನ್, ಎಸ್‌ಸಿಡಿ14, ಎಸ್‌ಸಿಡಿ163 ಎಂಬ ಸೂಚಕಗಳು ರೋಗನಿರೋಧಕ ವ್ಯವಸ್ಥೆಯ ಕೆರಳಿಕೆಯನ್ನು ಚೆನ್ನಾಗಿ ಹಿಡಿಯುತ್ತವೆ. ಚಿಕಿತ್ಸೆಯಲ್ಲಿರುವವರ ಬೆನ್ನುಹುರಿ ದ್ರವದಲ್ಲಿಯೂ ನಿಯೋಪ್ಟೆರಿನ್ ಕೊಂಚ ಏರಿಯೇ ಉಳಿಯುವುದು ತಿಳಿದಿದೆ. ಆದರೆ ರಕ್ತದಲ್ಲಿ ಕಂಡ ಕೆರಳಿಕೆ ಮಿದುಳಿನದೋ ಕರುಳಿನದೋ ಹೇಳಲಾಗದು. ಈ ಸಾಲಿನಲ್ಲಿ ನನಗೆ ನಿಜವಾದ ಜೊತೆಗಾರನಾಗಿ ಕಾಣುವುದು ಪಿ-ಟೌ217 ಎಂಬ ಪ್ರೋಟೀನು. ಅದು ಅಲ್ಝೈಮರ್ ಕಾಯಿಲೆಯನ್ನು ಸೂಚಿಸುತ್ತದೆ. ಅಮಿಲಾಯ್ಡ್ ಎಂಬ ಇನ್ನೊಂದು ಪ್ರೋಟೀನಿನ ಜೊತೆಗಿನ ಅದರ ಅನುಪಾತವನ್ನು ಅಳೆಯುವ ರಕ್ತಪರೀಕ್ಷೆಗೆ ಎಫ್‌ಡಿಎ 2025ರ ಮೇ ತಿಂಗಳಲ್ಲಿ ಸಮ್ಮತಿ ನೀಡಿದೆ. 65 ದಾಟಿದ, ಎಚ್‌ಐವಿ ಇರುವ ವ್ಯಕ್ತಿಗೆ ಮರೆವು ಹೆಚ್ಚುತ್ತಿದ್ದರೆ ಎನ್‌ಎಫ್‌ಎಲ್ 'ಹಾನಿ ನಡೆದಿದೆ' ಎನ್ನಬಹುದು, ಅದು ಅಲ್ಝೈಮರ್ ಹೌದೇ ಎಂಬುದಕ್ಕೆ ಪಿ-ಟೌ217 ಬೇಕು.

ಮಾದರಿ ನಿರ್ವಹಣೆಯಲ್ಲಿ ಈ ಪರೀಕ್ಷೆಗೆ ಪೂರ್ಣ ಅಂಕ ಕೊಡುತ್ತೇನೆ. ಪ್ರೋಟೀನು ಗಟ್ಟಿಮುಟ್ಟಾದುದು, ಸಂಸ್ಕರಣೆ ಕೆಲವು ಗಂಟೆ ತಡವಾದರೂ, ಕೆಲವು ಬಾರಿ ಹೆಪ್ಪುಗಟ್ಟಿಸಿ ಕರಗಿಸಿದರೂ ಅಂಕಿ ಅಷ್ಟಾಗಿ ಕದಲುವುದಿಲ್ಲ. ಎಚ್ಚರ ಬೇಕಾದದ್ದು ಎರಡೇ ಕಡೆ. ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಡಿಸಿದ ಸೀರಮ್‌ನಲ್ಲಿ ಬರುವ ಮಟ್ಟ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬಿನ ಪ್ಲಾಸ್ಮಾಕ್ಕಿಂತ ಹೆಚ್ಚಿರುತ್ತದೆ, ಬೇರೆ ಬೇರೆ ತಯಾರಕರ ಯಂತ್ರಗಳ ಅಂಕಿಗಳೂ ಒಂದಕ್ಕೊಂದು ತಾಳೆಯಾಗುವುದಿಲ್ಲ. ಕಳೆದ ವರ್ಷ ಒಂದು ಕಡೆ, ಈ ವರ್ಷ ಮತ್ತೊಂದು ಕಡೆ ಮಾಡಿಸಿ 'ಏರಿತು', 'ಇಳಿಯಿತು' ಎಂದು ಹೋಲಿಸುವುದು ವ್ಯರ್ಥ. ಒಂದೇ ಪ್ರಯೋಗಾಲಯ, ಒಂದೇ ಯಂತ್ರ, ಒಂದೇ ಬಗೆಯ ಟ್ಯೂಬು; ಯಾವ ಯಂತ್ರದಲ್ಲಿ ಅಳೆದದ್ದು ಎಂಬುದನ್ನು ವರದಿಯಲ್ಲಿ ಬರೆಯದ ಪ್ರಯೋಗಾಲಯವನ್ನು ನಾನಂತೂ ಆರಿಸಿಕೊಳ್ಳುವುದಿಲ್ಲ.

ಒಂದು ಸನ್ನಿವೇಶವನ್ನು ಪ್ರತ್ಯೇಕವಾಗಿ ಹೇಳಬೇಕು. ರಕ್ತದಲ್ಲಿ ವೈರಾಣು ಪತ್ತೆಯಾಗದಿದ್ದರೂ ಬೆನ್ನುಹುರಿ ದ್ರವದಲ್ಲಿ ಮಾತ್ರ ತಲೆಯೆತ್ತುವ ಸ್ಥಿತಿ ಕೆಲವರಲ್ಲಿ ಕಂಡುಬರುತ್ತದೆ. ಔಷಧ ಅಲ್ಲಿಗೆ ಸಾಕಷ್ಟು ತಲುಪದಿರುವುದು ಅಥವಾ ವೈರಾಣು ಔಷಧನಿರೋಧಕ ಶಕ್ತಿ ಗಳಿಸಿರುವುದು ಇದಕ್ಕೆ ಕಾರಣವಾಗಿರಬಹುದು. ಇಂಥವರಿಗೆ ವೈರಲ್ ಲೋಡ್ ವರದಿ ಸುಳ್ಳು ಧೈರ್ಯ ತುಂಬುತ್ತದೆ. ತಲೆಸುತ್ತು, ನಡುಕ, ನಡಿಗೆಯ ತೊಂದರೆ, ದಿಢೀರ್ ಮರೆವು ಕಾಣಿಸಿಕೊಂಡಾಗ ಏರಿದ ಎನ್‌ಎಫ್‌ಎಲ್ ವೈದ್ಯರನ್ನು ಎಚ್ಚರಿಸಬಹುದಾದರೂ, ಸಹಜವಾದ ಎನ್‌ಎಫ್‌ಎಲ್ ಅನ್ನು ನೆಪವಾಗಿಸಿಕೊಂಡು ಸೊಂಟದ ಸೂಜಿಯನ್ನು ಮುಂದೂಡುವುದು ಅಪಾಯಕಾರಿ. ದ್ರವದಲ್ಲಿ ವೈರಾಣು ಇದೆಯೇ ಎಂದು ತಿಳಿಯಲು ದ್ರವವನ್ನೇ ಪರೀಕ್ಷಿಸಬೇಕು.

ಎಚ್‌ಐವಿಯಲ್ಲಿ ಮಿದುಳಿನ ಹಾನಿ ಪತ್ತೆಹಚ್ಚಲು ಎಂದು ಯಾವ ಎನ್‌ಎಫ್‌ಎಲ್ ಪರೀಕ್ಷೆಗೂ ಎಫ್‌ಡಿಎ ಅನುಮೋದನೆ ಇಲ್ಲ. ಹಲವು ಕಿಟ್‌ಗಳ ಮೇಲೆ 'ಸಂಶೋಧನಾ ಬಳಕೆಗೆ ಮಾತ್ರ' ಎಂದೇ ಬರೆದಿರುತ್ತದೆ. ಯಾವ ಲಕ್ಷಣವೂ ಇಲ್ಲದ, ಚಿಕಿತ್ಸೆ ತಪ್ಪಿಸದ, ವೈರಲ್ ಲೋಡ್ ಹತೋಟಿಯಲ್ಲಿರುವ ವ್ಯಕ್ತಿ ವಾರ್ಷಿಕ ತಪಾಸಣೆಯ ಭಾಗವಾಗಿ ಇದನ್ನು ಮಾಡಿಸಬೇಕೆಂದು ನಾನು ಹೇಳಲಾರೆ. ಯುರೋಪಿನ ಮಾರ್ಗಸೂಚಿಯಲ್ಲಿರುವ ಮೂರು ಸರಳ ಪ್ರಶ್ನೆಗಳು, ಅಂದರೆ ಮರೆವು ಹೆಚ್ಚಿದೆಯೇ, ಯೋಚನೆ ಮತ್ತು ಕೆಲಸ ನಿಧಾನವಾಗಿದೆಯೇ, ಗಮನ ನಿಲ್ಲಿಸುವುದು ಕಷ್ಟವಾಗಿದೆಯೇ ಎಂಬಿವು, ಖರ್ಚಿಲ್ಲದೆ ಮೊದಲ ಜರಡಿಯ ಕೆಲಸ ಮಾಡುತ್ತವೆ. ಸಿಡಿ4 ಬಹಳ ಕುಸಿದ ಹಂತದಲ್ಲಿ ಚಿಕಿತ್ಸೆ ಆರಂಭಿಸುತ್ತಿರುವವರು ಮೊದಲ ಗುಳಿಗೆಗೆ ಮುನ್ನ ಒಮ್ಮೆ, ಆರು ತಿಂಗಳೋ ವರ್ಷವೋ ಕಳೆದ ಮೇಲೆ ಇನ್ನೊಮ್ಮೆ ಮಾಡಿಸಿದರೆ ಹಣಕ್ಕೆ ತಕ್ಕ ಉತ್ತರ ಸಿಗುತ್ತದೆ. ಚಿಕಿತ್ಸೆಯಲ್ಲಿದ್ದೂ ಹೊಸದಾಗಿ ಲಕ್ಷಣ ಕಂಡವರು ನರತಜ್ಞರ ಸಲಹೆಯ ಮೇರೆಗೆ, ಎಂಆರ್‌ಐ ಮತ್ತು ಕ್ರಿಯಾಟಿನೈನ್ ವರದಿಗಳ ಜೊತೆಗೆ ಮಾಡಿಸಬಹುದು. ಅಂಕಿ ಏರಿದ್ದರೆ ಕೆಲವು ತಿಂಗಳ ಅಂತರದಲ್ಲಿ ಅದೇ ಯಂತ್ರದಲ್ಲಿ ಮರುಪರೀಕ್ಷೆಗೆ ತಯಾರಿರಬೇಕು, ಅದಕ್ಕೆ ಅನುಕೂಲವಿಲ್ಲದವರು ಮೊದಲನೆಯದನ್ನೂ ಮಾಡಿಸದಿರುವುದೇ ವಾಸಿ.